ಬೀಳದ ಎತ್ತುಗಳು

"ನೋಡ್ಕೊಳ್ಳಿ ಡಾಕ್ಟ್ರಮ್ಮ, ಒಂದೂ ಬಿದ್ದಿಲ್ಲ," ಎಂದ ಡ್ರೈವರ್ ಗುಯೋ. ಕೀನ್ಯಾದ ಇಸಿಯೋಲೊ ತಪಾಸಣೆ ಗೇಟಿನ ಪಶುವೈದ್ಯೆ ನಸಿಯೆಕು ಲಾರಿಯ ಸರಳು ಹಿಡಿದು ಹತ್ತಿದಳು. ನಿಜವೇ, ಗಡಿಯೂರು ಮೊಯಾಲೆಯಿಂದ ಬಂದ ಎತ್ತುಗಳೆಲ್ಲ ಒತ್ತೊತ್ತಾಗಿ ನಿಂತೇ ಇದ್ದವು. ಮೊದಲೆಲ್ಲ ಬಿದ್ದವನ್ನು ಉಳಿದವು ತುಳಿದು ಸಾಯಿಸುತ್ತಿದ್ದವು. ಬಿದ್ದ ದನ ಕಂಡರೆ ಲಾರಿಯನ್ನೇ ತಡೆಹಿಡಿಯುವ ಹೊಸ ಕಾನೂನಿಗಾಗಿ ಅವಳು ಕಚೇರಿಯಿಂದ ಕಚೇರಿಗೆ ಅಲೆದು, ಕೊನೆಗೆ ಅದನ್ನು ಜಾರಿಗೆ ತರಿಸಿದ್ದಳು.

ಆಮೇಲೆ ಹಗ್ಗಗಳು ಕಂಡವು. ಪ್ರತಿ ಎತ್ತಿನ ಕೊಂಬನ್ನೂ ಮೇಲಿನ ಕಂಬಿಗೆ ಬಿಗಿದಿದ್ದರು. ಮಲಗುವುದಿರಲಿ, ಕತ್ತು ತಗ್ಗಿಸಲೂ ಆಗದಂತೆ.

"ಇದೇನಪ್ಪಾ ಗುಯೋ?"

"ಬೀಳ್ಬಾರ್ದು ಅಂದ್ರಲ್ಲ ನೀವು, ಬೀಳದ ಹಾಗೆ ಕಟ್ಟಿದೀವಿ. ಈಗ ಎಲ್ರೂ ಹೀಗೇ ಕಟ್ಟೋದು." ಮಾತಿನಲ್ಲಿ ಕೊಂಕೇನೂ ಇರಲಿಲ್ಲ.

ಕಟ್ಟಬಾರದೆಂದು ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ. ನಸಿಯೆಕು ಹತ್ತಿರದ ಕಂದು ಎತ್ತಿನ ಮೂಗಿಗೆ ಅಂಗೈ ಒಡ್ಡಿದಳು, ಚಿಕ್ಕಂದಿನಲ್ಲಿ ಅಪ್ಪನ ದನಗಳಿಗೆ ಒಡ್ಡುತ್ತಿದ್ದ ಹಾಗೆ. ಉಸಿರು ತಾಗಲಿಲ್ಲ. ತೆರೆದ ಕಣ್ಣಿನ ಮೇಲೆ ನೊಣ ಓಡಾಡುತ್ತಿತ್ತು, ರೆಪ್ಪೆ ಮಿಸುಕಲಿಲ್ಲ.

"ಹೊರಡ್ಲಾ ಡಾಕ್ಟ್ರಮ್ಮ? ಎಲ್ಲಾ ನಿಂತೇ ಇದಾವಲ್ಲ."

ಅವಳು ಹಿಂದೆ ಸಾಲುಗಟ್ಟಿದ್ದ ಲಾರಿಗಳತ್ತ ತಿರುಗಿದಳು. ಅವುಗಳಲ್ಲೂ ಎತ್ತುಗಳೆಲ್ಲ ತಲೆಯೆತ್ತಿ ನಿಂತಿದ್ದವು.