ಜಾಳಿಗೆಗೂ ಒಂದು ಹಾರ

ಚೆಂಡುಹೂವಿಗೆ ಯಂತ್ರದ ಎಣ್ಣೆ ತಾಗಿದ ವಾಸನೆ ಬಂದರೆ ಇಂದಿಗೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಕರ್ನಾಟಕ ಒಂದಾದ ಮರುವರ್ಷದ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಮಧ್ಯಾಹ್ನ. ನನ್ನ ಚಿಗವ್ವ ಬೆಟಗೇರಿಯ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದಳು. ಯಂತ್ರದ ಗಾಲಿ ತಿರುಗಿಸುವ ತೊಗಲಿನ ಪಟ್ಟಾಕ್ಕೆ ಯಾರ ಸೆರಗೂ ಸಿಗದಿರಲೆಂದು, ಸರ್ಕಾರದ ಸಾಹೇಬರು ಬಂದು ಗದರಿಹೋದ ಮೇಲೆ, ಸಾಹುಕಾರರು ಅಡ್ಡಲಾಗಿ ಕಬ್ಬಿಣದ ಜಾಳಿಗೆ ಕೂಡಿಸಿದ್ದರು. ಪೂಜೆಗೆಂದು ಅದನ್ನು ಬಿಚ್ಚಿ ಗೋಡೆಗೆ ಆನಿಸಿದರು. ಗಾಲಿಗೆ ವಿಭೂತಿ ಬಳಿದು, ಹಾರ ಹಾಕಿ, ಕಾಯಿ ಒಡೆದರು.

ಕೊಬ್ಬರಿ ಸಕ್ಕರೆ ಹಂಚಿದ ಮೇಲೆ ಚಿಗವ್ವ ಕೇಳಿದಳು. “ಸಾವ್ಕಾರ್ರ, ಜಾಳಿಗಿ ಹಾಕಸ್ರಿ. ನಾಳಿಂದ ಗಿರಣಿ ಸುರು ಆಕ್ಕೈತಿ.”

ಸಾಹುಕಾರರು ಬಾಯಿ ತೆರೆಯುವ ಮೊದಲೇ ಜೊತೆಯ ಹೆಂಗಸರು ಅವಳ ಮೇಲೆ ಬಿದ್ದರು. “ಗಾಲಿ ಅಂದ್ರ ದೇವಿ, ಹಾರ ಬಾಡೂಮಟಾ ಆಕಿ ಮಾರಿ ಮುಚ್ಚಬಾರ್ದು. ನಿನಗೊಬ್ಬಾಕಿಗೇ ಜೀವ ಐತೇನು?”

ಸಾಹುಕಾರರು ನಕ್ಕರು. “ನಿಮ್ಮ ಮಂದೀನ ಬ್ಯಾಡ ಅಂತೈತಿ. ನಾ ಏನ್ ಮಾಡ್ಲಿ?”

ಹಾರ ಬಾಡಿ ಉದುರಿತು. ಜಾಳಿಗೆ ಇದ್ದಲ್ಲೇ ಇತ್ತು. ಹೊಸ ಹತ್ತಿಯ ಗಾಡಿಗಳು ಬಂದವು, ಗಿರಣಿ ಹಗಲೆಲ್ಲ ಓಡಿತು. ಯುಗಾದಿಗೆ ಮೊದಲು ಚಿಗವ್ವನ ಸೆರಗು ಪಟ್ಟಾಕ್ಕೆ ಸಿಕ್ಕಿತು. ಬಲಗೈ ಮೊಣಕೈತನಕ ಹೋಯಿತು.

“ದೇವಿ ಬಲಿ ಬೇಡಿದ್ಲು” ಎಂದರು ಅದೇ ಹೆಂಗಸರು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು.

ಮುಂದಿನ ಖಂಡೆ ಪೂಜೆಗೆ ಸಾಹುಕಾರರು ಚಿಗವ್ವನನ್ನು ಕರೆಸಿ ಸೀರೆ, ಕುಬಸ ಕೊಟ್ಟರು. ಅವಳು ಎಡಗೈಯಲ್ಲಿ ಇಸಿದುಕೊಂಡಳು. ಪೂಜೆಯ ದಿನ ಎಡಗೈ ಚಾಚಿದಳೆಂದು ಯಾರೋ ಗೊಣಗಿದರು. ಆ ಸಲ ಜಾಳಿಗೆಯ ತುಕ್ಕನ್ನೂ ತಿಕ್ಕಿ, ಕುಂಕುಮ ಹಚ್ಚಿ, ಅದಕ್ಕೂ ಒಂದು ಹಾರ ಹಾಕಿದ್ದರು.

ಗೋಡೆಗೆ ಆನಿಸಿದಲ್ಲೇ.