ಮುಚ್ಚಳದ ಸಂದಿ

"ಸಿಕ್ಕಿತು ಅಕ್ಕಾ! ಕಳ್ಳ ಸಿಕ್ಕಿಬಿದ್ದ!"

ಹೊರಡುವ ಮುನ್ನ ಗಾಡಿಯನ್ನು ಒಮ್ಮೆ ನೋಡಿಬಿಡೋಣವೆಂದು ಕಾರಿನ ಹಿಂಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ತಮ್ಮ ಕೂಗಿದ. ಟೇಲರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದಳು. ಗ್ಯಾಸ್ ತುಂಬಿಸುವ ಬಾಯಿಯ ಪುಟ್ಟ ಮುಚ್ಚಳ ತೆರೆದಿತ್ತು. ಅದರ ಒಳಮೈಯ ಮೂಲೆಯಲ್ಲಿ ಹುಣಸೆಬೀಜದಷ್ಟು ಕಪ್ಪು ರಬ್ಬರ್ ತುಂಡೊಂದು ಅಂಟಿಕೊಂಡಿತ್ತು.

"ಇದು ಗ್ಯಾಸ್ ಗಾಡಿ ನೋಡು," ಎಂದ ತಮ್ಮ. ಅವನು ಪಕ್ಕದ ಊರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. "ಈ ಮುಚ್ಚಳ ಪೂರ್ತಿ ಮುಚ್ಚಿದರೆ ಇಲ್ಲಿರೋ ಗುಂಡಿ ಒತ್ತಿಕೊಳ್ಳುತ್ತೆ. ಆಗಲೇ ಇಂಜಿನ್‌ಗೆ ಅಪ್ಪಣೆ. ಮುಚ್ಚಳ ತೆರೆದಿದೆ ಅಂತ ಚೂರು ಅನುಮಾನ ಬಂದರೂ ಗಾಡಿ ಮಿಸುಕಲ್ಲ. ನಡುವೆ ಇಂಥದ್ದೊಂದು ಸಿಗಿಸಿದರೆ ಮುಚ್ಚಳ ಹೇಗೆ ಕೂರಬೇಕು ಹೇಳು?"

ಆಕೆ ತುಂಡನ್ನು ಕಿತ್ತು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ನೀಲಿ ಗೆರೆಯಿತ್ತು. ಆ ಮನೆಯಲ್ಲಿ ನೀಲಿ ಗೆರೆಯ ಕಪ್ಪು ಚಪ್ಪಲಿ ಒಬ್ಬರದೇ.

ಆ ಒಬ್ಬರು ಜಗಲಿಯ ಮೇಲೆ ಕಾಲು ಚಾಚಿ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. ಟೇಲರಮ್ಮನ ಗಂಡ; ಊರಿನ ಬಾಯಲ್ಲಿ ಆತ ಹಾರ್ನ್ ಅಣ್ಣ. ತಿರುವಿದ್ದರೂ ಇಲ್ಲದಿದ್ದರೂ ಹಾರ್ನ್ ಹೊಡೆಯುತ್ತ ಇದೇ ಕಾರನ್ನು ಬಾಡಿಗೆಗೆ ಓಡಿಸಿದವ. ಕಣ್ಣು ಮಬ್ಬಾಗಿ, ಇನ್ನು ಕೀ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಜಗಲಿಯೇ ಅವನ ಟ್ಯಾಕ್ಸಿ ಸ್ಟ್ಯಾಂಡು.

"ನಾನು ಕಲಿತೀನಿ," ಎಂದಿದ್ದಳು ಹೆಂಡತಿ ಆಗ.

"ಹೊಲಿಗೆ ಮೆಷಿನ್ ತುಳಿದ ಹಾಗಲ್ಲ ಕಣೇ ಇದು," ಎಂದು ಆತ ನಕ್ಕಿದ್ದ.

"ಅದನ್ನ ತುಳಿದೇ ಈ ಮನೆ ಇಷ್ಟು ದೂರ ಬಂದಿದ್ದು. ಇದನ್ನೂ ತುಳಿತೀನಿ. ನಿಮ್ಮ ಪಾಠ ಬೇಡ, ನಿಮ್ಮ ಸಹಾಯಾನೂ ಬೇಡ."

ರಜೆಯ ದಿನ ತಮ್ಮ ಬಂದು ಕಲಿಸಿದ. ಉಳಿದ ದಿನ ಆಕೆ ಒಬ್ಬಳೇ ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿದಳು. ಮೊದಮೊದಲು ಕಾರು ಆಗಾಗ ಹಠ ಹಿಡಿಯುತ್ತಿತ್ತು. ಆಕೆ ಕೀ ತಿರುಗಿಸಿ ತಿರುಗಿಸಿ ಬೆವರುವಾಗ ಗಂಡ ಗೋಡೆ ತಡವಿಕೊಂಡು ಇಳಿದು ಬಂದು ಕಾರಿನ ಹಿಂಬದಿಯ ಪಕ್ಕೆಗೆ ಸೊಂಟ ಆನಿಸಿ ನಿಲ್ಲುತ್ತಿದ್ದ. "ಈಗ ತಿರುಗಿಸು. ಹಳೇ ಯಜಮಾನನ ವಾಸನೆ ಬಡಿದರೆ ಏಳುತ್ತೆ," ಎನ್ನುತ್ತಿದ್ದ. ಹಾಳು ಕಾರು ಎದ್ದೂ ಬಿಡುತ್ತಿತ್ತು. ತಮ್ಮ ಬಂದು ನೋಡಿದ ದಿನ ಮಾತ್ರ ಸಾಧು ಹಸುವಿನ ಹಾಗೆ ನಿಂತಿರುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಆಕೆ ಸಿಡಿದಳು. "ಕೆಡಿಸೋರೂ ನೀವೇ, ಎಬ್ಬಿಸೋರೂ ನೀವೇ! ಇನ್ನು ಕಾರಿನ ಹತ್ತಿರ ಸುಳಿದರೆ ನೋಡಿ."

ಆಮೇಲೆ ಆತ ಅಲ್ಲಿ ನಿಂತದ್ದನ್ನು ಆಕೆ ಕಾಣಲಿಲ್ಲ. ಕಾರೂ ಒಮ್ಮೆಯೂ ಕೈಕೊಡಲಿಲ್ಲ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?

ಆ ವಾರವೇ ಬಟ್ಟೆ ಕತ್ತರಿ ಮೊಂಡಾದದ್ದು ಈಗ ನೆನಪಾಯಿತು. ಬಟ್ಟೆ ಕತ್ತರಿ ಬಟ್ಟೆಗೆ ಮಾತ್ರ. ಮಕ್ಕಳು ಕಾಗದ ಕತ್ತರಿಸಲು ಅತ್ತು ಕೇಳಿದಾಗಲೂ ಆಕೆ ಕೊಟ್ಟವಳಲ್ಲ. ಅದರ ಅಲಗಿಗೆ ಎಂಥದೋ ಕಪ್ಪು ಅಂಟಿತ್ತು. ಹಾಗಾದರೆ ಅಂದೇ ಕತ್ತರಿಸಿಟ್ಟುಕೊಂಡು ಈ ದಿನಕ್ಕೆ ಕಾದಿದ್ದಾರೆ. ಇವತ್ತು ಲೈಸೆನ್ಸಿನ ಪರೀಕ್ಷೆ. ತಪ್ಪಿದರೆ ಮುಂದಿನ ಸರದಿ ಬರುವಷ್ಟರಲ್ಲಿ ಶಾಲೆ ತೆರೆದಿರುತ್ತದೆ; ಹೊಲಿದದ್ದನ್ನು ಊರೂರಿಗೆ ತಾವೇ ಮುಟ್ಟಿಸುವವರಿಗೇ ಸಮವಸ್ತ್ರದ ಕೆಲಸ ಎಂದು ಹೆಡ್‌ಮಾಸ್ಟರು ಖಡಾಖಂಡಿತವಾಗಿ ಹೇಳಿದ್ದರು.

ಆಕೆ ಜಗಲಿ ಹತ್ತಿದಳು. "ಇದು ನಿಮ್ಮ ಚಪ್ಪಲಿದು ತಾನೆ?"

ಆತ ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿದ. "ನಂದೇ. ನಾನೇ ಇಟ್ಟಿದ್ದು. ಇದ್ದಲ್ಲೇ ಇರಲಿ ಅದು."

"ಇರಬೇಕಂತೆ! ನಾನು ಸ್ಟೇರಿಂಗ್ ಹಿಡಿದರೆ ನಿಮ್ಮ ಮೀಸೆ ಉದುರುತ್ತಾ?"

"ಭಾವ, ಇದು ಚೆನ್ನಾಗಿಲ್ಲ," ಎಂದ ತಮ್ಮ ಕೆಳಗಿನಿಂದ.

"ತೀರ್ಪು ಕೊಟ್ಟಾಯ್ತಲ್ಲ. ಇನ್ನು ಆರೋಪಿ ಮಾತಾಡಿ ಏನು?" ಆತ ಮತ್ತೆ ಬಿಸಿಲಿಗೆ ಮುಖ ತಿರುಗಿಸಿದ.

ಆಕೆ ತುಂಡನ್ನು ಕಸಿದುಕೊಂಡು ಅಂಗಳದ ಮೂಲೆಯಲ್ಲಿ ನೀರು ಕಾಯುತ್ತಿದ್ದ ಒಲೆಗೆ ಎಸೆದಳು. "ಇವತ್ತು ಲೈಸೆನ್ಸ್ ತಂದೇ ತರ್ತೀನಿ. ತಂದು ನಿಮ್ಮನ್ನೇ ಹಿಂದಿನ ಸೀಟಲ್ಲಿ ಕೂರಿಸಿ ಊರೆಲ್ಲ ಸುತ್ತಿಸ್ತೀನಿ. ಹಾರ್ನ್ ಹೊಡ್ಕೊಂಡು!"

ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನಲ್ಲಿ ಕೂತಳು. ತಮ್ಮ ಮುಚ್ಚಳ ಮುಚ್ಚಿ ಅದರ ಮೇಲೆ ಒಂದು ತಟ್ಟಿದ. ಆಕೆ ಕೀ ತಿರುಗಿಸಿದಳು.

ಸದ್ದೇ ಇಲ್ಲ.

ಮತ್ತೊಮ್ಮೆ ತಿರುಗಿಸಿದಳು. ತಮ್ಮ ಮುಚ್ಚಳ ತೆರೆದು ಮುಚ್ಚಿದ, ಬ್ಯಾಟರಿ ನೋಡಿದ, ಗುಂಡಿಯ ವೈರಿಗೆ ಟೆಸ್ಟರ್ ಹಚ್ಚಿದ. ಮುಚ್ಚಳವನ್ನು ಅಂಗೈಯಿಂದ ಬಲವಾಗಿ ಅದುಮಿದಾಗ ಟೆಸ್ಟರಿನ ದೀಪ ಹತ್ತಿತು. ಕೈ ಬಿಟ್ಟ, ಆರಿತು. ಮತ್ತೆ ಅದುಮಿದ, ಮತ್ತೆ ಬಿಟ್ಟ. ಅವನ ಮುಖ ಸಣ್ಣದಾಯಿತು.

"ಅಕ್ಕಾ... ಗುಂಡಿ ಸವೆದುಹೋಗಿದೆ. ಮುಚ್ಚಿದರೂ ಮುಚ್ಚಳ ಅದನ್ನ ಮುಟ್ಟುತ್ತಾ ಇಲ್ಲ."

"ನೀನು ಅದುಮಿಕೋ. ನಾನು ಎಬ್ಬಿಸ್ತೀನಿ, ಹೋಗೋಣ."

"ಹೋಗಬಹುದು, ಎದ್ದ ಮೇಲೆ ಓಡುತ್ತೆ. ಅಲ್ಲಿ ಪರೀಕ್ಷೆ ಮಾಡೋ ಸಾಹೇಬರು ಆರಿಸಿ ಮತ್ತೆ ಎಬ್ಬಿಸಮ್ಮ ಅಂತಾರಲ್ಲ, ಆಗ? ಹಿಂದೆ ಆನಿಕೊಂಡು ನಿಲ್ಲೋದಕ್ಕೆ ನನ್ನನ್ನ ಬಿಡ್ತಾರಾ? ಹೊಸ ಗುಂಡಿ ಪೇಟೆಯಿಂದ ಬರಬೇಕು." ಅವನು ಮುಚ್ಚಳದ ಒಳಮೈ ಸವರಿದ. ಗೋಂದಿನ ಕಲೆ ಹಳದಿಗಟ್ಟಿ, ಧೂಳು ಹಿಡಿದು ಒಣಗಿತ್ತು. ಇವತ್ತಿನದಲ್ಲ. "ಸಂದಿಯಲ್ಲಿ ಏನಾದರೂ ಇದ್ದಿದ್ದರೆ..."

ಅವನು ಒಲೆಯ ಕಡೆ ನೋಡಿದ. ಸುಟ್ಟ ರಬ್ಬರಿನ ವಾಸನೆ ಅಂಗಳಕ್ಕೆಲ್ಲ ಹರಡಿತ್ತು. ಜಗಲಿಯ ಮೇಲೆ ಹಾರ್ನ್ ಅಣ್ಣ ಯಾರ ಕಡೆಗೂ ತಿರುಗದೆ ಇನ್ನೊಂದು ಕಾಲಿನ ಚಪ್ಪಲಿ ಕಳಚಿ, ಮಡಿಲಲ್ಲಿಟ್ಟುಕೊಂಡು, ಅದರ ಹಿಮ್ಮಡಿಯ ದಪ್ಪವನ್ನು ಹೆಬ್ಬೆರಳಿನಿಂದ ಅಳೆಯುತ್ತಿದ್ದ.

ಟೇಲರಮ್ಮ ಸರಸರನೆ ಒಳಗೆ ಹೋಗಿ ಬಟ್ಟೆ ಕತ್ತರಿ ತಂದು ಗಂಡನ ಕೈಗಿಟ್ಟಳು: "ಬೇಗ ಕತ್ತರಿಸಿ. ಕತ್ತರಿಸಿ ಹತ್ತಿ, ಹಿಂದಿನ ಸೀಟಿಗೆ."