ನೀಲಿ ಸ್ವೆಟರಿನ ಫೋಟೋ

ಫೋನಿನಲ್ಲಿ ಆ ಫೋಟೋವನ್ನು ಎರಡು ಬೆರಳಿಂದ ಹಿಗ್ಗಿಸಿ ನೋಡಿದಾಗ ಸೊಸೆಯ ಎದೆ ಧಸಕ್ಕೆಂದಿತು. ಅವಳು ತೆಗೆದದ್ದು ಪೆಟ್ರೋಲ್ ಬಂಕಿನ ಪಕ್ಕದ ಸೊಟ್ಟ ಮರವನ್ನು. ಪೆಟ್ರೋಲ್ ತುಂಬಿಸಿಕೊಂಡು ಕಾರು ಮತ್ತೆ ರಸ್ತೆಗೆ ಏರುತ್ತಿದ್ದಾಗ, ಕಿಟಕಿಯಿಂದ ಕೈ ಚಾಚಿ ಟಕ್ಕೆಂದು ಹೊಡೆದದ್ದು. ಆ ಮರದ ಕೆಳಗೆ ನೀಲಿ ಸ್ವೆಟರ್ ತೊಟ್ಟ ವಯಸ್ಸಾದ ಹೆಂಗಸೊಬ್ಬರು ಒಂದು ಕೈ ಮೇಲೆತ್ತಿ, ಬಾಯಿ ತೆರೆದು, ಓಡಿ ಬರುತ್ತಿದ್ದರು. ಮುಖವೆಲ್ಲ ಒದ್ದೆ. ನೇರ ಫೋನನ್ನೇ ನೋಡುತ್ತಿದ್ದರು.

ಅತ್ತೆ!

ಸೊಸೆ ಮೆಲ್ಲಗೆ ಹಿಂದಿನ ಸೀಟಿನತ್ತ ಕತ್ತು ತಿರುಗಿಸಿದಳು. ಅಲ್ಲಿ ಅತ್ತೆ ಶಾಲು ಹೊದ್ದು ಮಲಗಿದ್ದ ಹಾಗೇ ಇತ್ತು. ಕಾರು ಹತ್ತಿದರೆ ಸಾಕು, ಅವರಿಗೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ದಿಂಬುಗಳ ನಡುವೆ ಮುಸುಕೆಳೆದು ಮಲಗಿಬಿಡುತ್ತಾರೆ. ಮಾತಾಡಿಸಿದರೋ, ವಾಂತಿ ಗ್ಯಾರಂಟಿ. ಹಾಗಾಗಿ ಊರು ಮುಟ್ಟುವ ತನಕ ಯಾರೂ ಅವರನ್ನು ಮಾತಾಡಿಸಕೂಡದು ಎಂಬುದು ಆ ಮನೆಯ ಕಾನೂನು. ಸೊಸೆ ಕೈ ಚಾಚಿ ಶಾಲನ್ನು ಅದುಮಿದಳು. ದಿಂಬು. ಅದರಾಚೆಗೂ ದಿಂಬು.

"ರೀ" ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಈ ಫೋಟೋ ಕಂಡರೆ ಗಂಡ ಏನೆಂದುಕೊಂಡಾನು? ಬೆಳಗ್ಗೆಯಷ್ಟೇ, ಅತ್ತೆ ಮುಸುಕೆಳೆಯುವ ಮೊದಲು, ಅವರಿಗೂ ಅವಳಿಗೂ ಕಿಟಕಿಯ ವಿಷಯಕ್ಕೆ ಜಟಾಪಟಿ ಆಗಿತ್ತು. ಗಾಳಿ ತಡೆಯೋಕಾಗಲ್ಲ, ಗಾಜು ಏರಿಸು ಎಂದು ಅತ್ತೆ. ಏರಿಸಿದರೆ ಫೋಟೋ ಬರಲ್ಲ ಎಂದು ಇವಳು. "ದಾರಿಯುದ್ದಕ್ಕೂ ಕಂಡಕಂಡದ್ದನ್ನೆಲ್ಲ ಹೊಡೀತೀಯಲ್ಲ, ಒಂದನ್ನಾದ್ರೂ ಕಣ್ಣಿಟ್ಟು ನೋಡಿದೀಯಾ?" ಎಂದು ಗಂಡ ರೇಗಿದ್ದ. ಅವಳ ಪದ್ಧತಿಯೇ ಹಾಗೆ. ಮೊದಲು ಒತ್ತುವುದು, ನೋಡುವುದೆಲ್ಲ ಆಮೇಲೆ ಪುರುಸೊತ್ತಿನಲ್ಲಿ. ಆದರೆ ಅದನ್ನು ಈಗ ಯಾರು ನಂಬುತ್ತಾರೆ? ಸಿಟ್ಟಿಗೆ, ನೋಡಿ ನೋಡಿಯೇ ಬಿಟ್ಟು ಬಂದಳು ಎನ್ನುತ್ತಾರೆ. ಬೆರಳು ತಾನಾಗಿಯೇ ಹೋಗಿ ಫೋಟೋ ಅಳಿಸಿತು. ಅಳಿಸಿದ್ದೆಲ್ಲ ಹೋಗಿ ಬೀಳುವ ಬುಟ್ಟಿಯೊಂದು ಫೋನಿನಲ್ಲಿರುತ್ತದಲ್ಲ, ಅದನ್ನೂ ತೆರೆದು ಅಲ್ಲಿಂದಲೂ ಅಳಿಸಿದಳು.

ಆಮೇಲೆ ಕಿರುಚಿದಳು. "ರೀ, ಕಾರು ನಿಲ್ಸಿ! ಅತ್ತೆ ಇಲ್ಲ!"

"ಇಲ್ಲ ಅಂದ್ರೆ?"

"ಹಿಂದೆ ಬರೀ ದಿಂಬು ಕಣ್ರೀ! ಬಂಕಲ್ಲಿ ಇಳಿದಿರ್ಬೇಕು."

ಗಂಡ ಬ್ರೇಕ್ ಒತ್ತಿದ ರಭಸಕ್ಕೆ ಹಿಂದಿದ್ದ ಲಾರಿ ಹಾರ್ನ್ ಬಡಿಯುತ್ತಾ ಪಕ್ಕದಲ್ಲೇ ಸವರಿಕೊಂಡು ಹೋಯಿತು. ಅವನು ಅಮ್ಮನ ನಂಬರ್ ಒತ್ತಿದ. ಹಿಂದಿನ ಸೀಟಿನ ಕೈಚೀಲದೊಳಗೇ ಅದು ರಿಂಗಾಯಿತು.

"ಅಯ್ಯೋ, ಮಾತ್ರೆನೂ ಅದರಲ್ಲೇ ಇದೆ ಕಣೇ. ನೀನು ಆ ಕಡೆ ಕಿಟಕೀಲಿದ್ದೆ, ನಿನಗೆ ಕಾಣಿಸ್ಲಿಲ್ವಾ?"

"ಇಲ್ಲ," ಎಂದಳು.

ಹಿಂತಿರುಗೋಣವೆಂದರೆ ರಸ್ತೆಯ ನಡುವೆ ಉದ್ದಕ್ಕೂ ಸಿಮೆಂಟಿನ ಗೋಡೆ. ತಿರುವು ಸಿಗುವ ತನಕ ಮುಂದೆ ಮುಂದೆ ಹೋಗಬೇಕಾಯಿತು, ಅತ್ತೆಯಿಂದ ಇನ್ನಷ್ಟು ದೂರ. ತಿರುಗಿದ ಮೇಲೆ ಅವಳು ಫೋನನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಂತೆ ಹೊರಗೆ ನೋಡಿದಳು. ನೀಲಿ ಟಾರ್ಪಾಲು ಕಂಡರೂ ಎದೆ ಹಾರಿತು, ನೀಲಿ ಡ್ರಮ್ಮು ಕಂಡರೂ ಹಾರಿತು. ಓಡುವಾಗ ಎಡವಿ ಬಿದ್ದಿದ್ದರೆ? ಯಾವುದೋ ಗಾಡಿ ಹತ್ತಿ ನಮ್ಮನ್ನೇ ಹುಡುಕಿಕೊಂಡು ಹೊರಟಿದ್ದರೆ? ಸಿಕ್ಕರೆ ಸಾಕು, ಇಡೀ ದಾರಿ ಗಾಜು ಏರಿಸಿಯೇ ಕೂರುತ್ತೇನೆ ಎಂದು ಮನಸ್ಸಿನಲ್ಲೇ ಗೋಗರೆದಳು.

ಬಂಕನ್ನು ದಾಟಿ ಹೋಗಿ, ಇನ್ನೊಂದು ತಿರುವು ತೆಗೆದುಕೊಂಡು ಬಂದರೆ, ಸೊಟ್ಟ ಮರದ ಕೆಳಗೆ, ಬೋರಲು ಹಾಕಿದ ಕ್ರೇಟಿನ ಮೇಲೆ ಅತ್ತೆ ಕೂತಿದ್ದರು. ಕೈಯಲ್ಲಿ ಬಂಕಿನವರು ಕೊಟ್ಟ ಟೀ ಲೋಟ. ಸೊಸೆಗೆ ಹೋದ ಜೀವ ಬಂದಂತಾಯಿತು. ಗಂಡ ಬಾಗಿಲನ್ನೂ ಮುಚ್ಚದೆ ಓಡಿದ.

"ಅಮ್ಮಾ! ಹೆದರಿಬಿಟ್ಯಾ?"

"ಹೆದರೋದೇನೋ? ನೀನು ಟೈರಿಗೆ ಗಾಳಿ ಹೊಡಿಸ್ತಿದ್ದೆ, ಇವಳು ಫೋನಲ್ಲಿ ಮುಳುಗಿದ್ಲು, ಮುಖ ತೊಳ್ಕೊಂಡು ಬರೋಣ ಅಂತ ಹಿಂದಿನ ನಲ್ಲಿಗೆ ಹೋದೆ. ಬರೋಷ್ಟ್ರಲ್ಲಿ ಹೊರಟೇಬಿಟ್ರಲ್ಲ! ಒಂದು ಗಳಿಗೆ ಜೀವ ಬಾಯಿಗೆ ಬಂದದ್ದು ನಿಜ. ಅಷ್ಟರಲ್ಲಿ ಇವಳು ಕಿಟಕಿಯಿಂದ ಫೋನ್ ಹಿಡಿದು ನನ್ನ ಫೋಟೋ ತೆಗೆದ್ಲು ನೋಡು, ಸಮಾಧಾನ ಆಯ್ತು. ಸೊಸೆ ನೋಡಿದಾಳೆ, ಇನ್ನೇನು ನಿಲ್ಲಿಸ್ತಾಳೆ ಅಂತ ಆರಾಮಾಗಿ ಕೂತೆ. ಯಾಕೋ ಸ್ವಲ್ಪ ತಡ ಆಯ್ತು, ಅಷ್ಟೇ."

ಗಂಡ ನಿಧಾನವಾಗಿ ಹೆಂಡತಿಯತ್ತ ತಿರುಗಿದ.

ಅತ್ತೆ ಸ್ವೆಟರಿನ ಅಂಚಿನಿಂದ ಕನ್ನಡಕ ಒರೆಸಿ ಹಾಕಿಕೊಂಡು, ಸೊಸೆಯ ಭುಜಕ್ಕೆ ಭುಜ ತಾಗಿಸಿ ನಿಂತರು.

"ಎಲ್ಲಿ, ತೋರಿಸು ನೋಡೋಣ. ಓಡ್ತಿದ್ದೆನಲ್ಲ, ಚೆನ್ನಾಗಿ ಬಂದಿದೀನಾ?"